ನೇದಾಳ ಕಾಪಿ ಪುಸ್ತಕ

ಬೆರ್ಕೋವಿತ್ಸಾ,
ಮೇ ೧೯, ಸೋಮವಾರ

ನನ್ನ ಮುದ್ದಿನ ಮಗಳು ಇಸ್ಕ್ರಾ,

ಹೇಗಿದ್ದೀಯಮ್ಮ? ಆ ಸೈಪ್ರಸ್ ಹೋಟೆಲಿನಲ್ಲಿ ಬಟ್ಟೆ ಒಗೆದು ಒಗೆದು ಕೈಮೇಲೆ ಎದ್ದಿದ್ದ ಗುಳ್ಳೆ ವಾಸಿಯಾಯಿತೇ? ಮುಲಾಮು ಹಚ್ಚಿಕೋ. ಹೇಳಿದ ಮಾತು ಕೇಳುವವಳಲ್ಲ ನೀನು, ಥೇಟ್ ನಿನ್ನಮ್ಮ. ನಾನು ಗಟ್ಟಿಯಾಗಿದ್ದೇನೆ, ಮಂಡಿಯೊಂದು ಬಿಟ್ಟು. ಹೊಸ ತರಗತಿ ಶುರುವಾಗುವ ಸೆಪ್ಟೆಂಬರಿನಲ್ಲೇ ಅದಕ್ಕೆ ಆಪರೇಷನ್ ಆಗಲೇಬೇಕಂತೆ. ಒಂದನೇ ತರಗತಿಯ ಗೇಣುದ್ದದ ಕುರ್ಚಿಯಲ್ಲಿ ವರ್ಷವಿಡೀ ನಿನ್ನ ಮಗಳ ಪಕ್ಕ ಕೂತವನ ಮಂಡಿ ಇನ್ನೇನಾದೀತು?

ಮಕ್ಕಳಿಗೆ ನಾನೆಂದರೆ ಪ್ರಾಣ. "ತಾತಾ, ಈ ವರ್ಷಾನಾದ್ರೂ ನಿನ್ನ ಪಾಸ್ ಮಾಡ್ತಾರಾ?" ಎಂದು ಮುಂದಿನ ಬೆಂಚಿನ ಸ್ಲಾವಿ ದಿನವೂ ಕಾಡುತ್ತಾನೆ. ನೇದಾಳನ್ನು ಮಾತ್ರ ಯಾರೂ ಮಾತಾಡಿಸುವುದಿಲ್ಲ. ಕೆಟ್ಟ ಮಕ್ಕಳೇನಲ್ಲ, ಉತ್ತರ ಬಾರದ ಕಡೆ ಎಷ್ಟು ದಿನ ಕೂಗಿಯಾರು? ಗಂಟೆ ಹೊಡೆದರೆ ಇವಳು ಇಂದಿಗೂ ಕಿವಿ ಮುಚ್ಚಿಕೊಂಡು ಡೆಸ್ಕಿನ ಕೆಳಗೆ ನುಗ್ಗುತ್ತಾಳೆ. ಆಟಿಸಂ ಇರುವ ಮಕ್ಕಳೂ ಎಲ್ಲರ ಜೊತೆಯೇ ಓದಲಿ ಎನ್ನುತ್ತಾರೆ, ಹೇಗೆಂದು ಹೇಳುವವರಿಲ್ಲ. ಪೆಟ್ಕೋವಾ ಮೇಡಂ ಪಾಪ, ಮೊದಲು ಪಾಠ, ಆಮೇಲೆ ಊಟ, ಆಮೇಲೆ ಮನೆ ಎಂದು ಇವಳಿಗಾಗಿಯೇ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದಾರೆ. ಆದರೆ ಇಪ್ಪತ್ತಾರು ಮಕ್ಕಳಿಗೆ ಅವರೊಬ್ಬರೇ.

ಮುಂದಿನ ವರ್ಷ ಇವಳ ಪಕ್ಕ ಕೂರಲು ತರಬೇತಾದ ಸಹಾಯಕಿ ಬೇಕೆಂದು ಅರ್ಜಿ ಹಾಕಿದ್ದೆವಲ್ಲ, ಅದಕ್ಕಾಗಿ ಗುರುವಾರ ಸಮಿತಿಯವರು ಬಂದಿದ್ದರು. ಇಪ್ಪತ್ತು ನಿಮಿಷ ಕೂತರು. ಅಂದು ನೇದಾ ಸುಮ್ಮನೆ ಕಿಟಕಿ ನೋಡುತ್ತಿದ್ದಳು, ಗಂಟೆಯೂ ಹೊಡೆಯಲಿಲ್ಲ. ಅವರಲ್ಲೊಬ್ಬಾಕೆ ಇವಳ ಕಾಪಿ ಪುಸ್ತಕ ತಿರುವಿ, "ಅಯ್ಯೋ, ಎಷ್ಟು ಚೆನ್ನಾಗಿ ಬರೀತಾಳೆ! ಇವಳಿಗ್ಯಾಕ್ರೀ ಸಹಾಯಕಿ? ಇದಕ್ಕಿಂತ ಕಷ್ಟದಲ್ಲಿರೋ ಮಕ್ಕಳು ಬೇಕಾದಷ್ಟಿದ್ದಾರೆ" ಎಂದಳು. ಶುಕ್ರವಾರ ಕಾಗದ ಬಂತು, ಸಹಾಯಕಿ ಇಲ್ಲ. ಸಹಾಯಕಿಯೂ ಇಲ್ಲದೆ, ನಾನೂ ಇಲ್ಲದೆ, ಆ ತರಗತಿಯಲ್ಲಿ ಅವಳು ಒಂದು ವಾರ ಉಳಿಯಲಾರಳು. ಆಮೇಲೆ ಮನೆಯ ನಾಲ್ಕು ಗೋಡೆಯೇ ಗತಿ. ಮೇಡಂ ಕಣ್ಣೀರು ಹಾಕಿದರು. ನನಗೆ ಅದೂ ಬರಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಕಾಪಾಡಲಿ. ನಿನ್ನ ಹೆಸರಿನಲ್ಲಿ ನೇದಾಳ ಕೆನ್ನೆಗೊಂದು ಮುತ್ತು ಕೊಟ್ಟೆ, ಒರೆಸಿಕೊಂಡಳು.

ನಿನ್ನ ಅಪ್ಪ,
ಗೆಂಚೋ

ತಾ.ಕ.: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು. ಆ ಪುಸ್ತಕದಲ್ಲಿರುವುದು ನನ್ನ ಅಕ್ಷರ, ಇಸ್ಕ್ರಾ. ಮೊದಮೊದಲು ಅವಳ ಕೈ ಹಿಡಿದು ಬರೆಸಿದೆ, ಆಮೇಲೆ ನಾನೇ ಬರೆದೆ. ಖಾಲಿ ಹಾಳೆಗಳ ಫೋಟೋ ನಿನಗೆ ಕಳಿಸಲು ನನ್ನಿಂದಾಗಲಿಲ್ಲ. ಮೂವತ್ತು ವರ್ಷ ಅಂಗಡಿಗಳಿಗೆ ಬೋರ್ಡು ಬರೆದ ಕೈ, ಮಗುವಿನ ಹಾಗೆ ಸೊಟ್ಟಗೆ ಬರೆಯಲು ಕಲಿಯಿತು. ಗುರುವಾರ ನಾಚಿಕೆಗೆ ಬಾಯಿ ಬಿಡಲಿಲ್ಲ. ಇವತ್ತು ಸಮಿತಿಯವರ ಹತ್ತಿರ ಹೋಗಿ ಹೇಳಿದೆ, ಸಹಾಯಕಿ ಕೊಡುವ ಮಕ್ಕಳ ಪಟ್ಟಿ ಆಗಲೇ ಮುಗಿದುಹೋಗಿದೆಯಂತೆ. ಮಾರ್ಚ್ ಎಂಟರ ಅಮ್ಮಂದಿರ ಹಬ್ಬಕ್ಕೆ ನಿನಗೊಂದು ಕಾರ್ಡು ಬಂದಿತ್ತಲ್ಲ, "ಅಮ್ಮ" ಎಂದು ಬರೆದದ್ದು, ನೀನು ಮಂಚದ ಮೇಲುಗಡೆ ಗೋಡೆಗೆ ಅಂಟಿಸಿಕೊಂಡಿದ್ದೀಯಲ್ಲ. ಅದನ್ನೂ ನಾನೇ ಬರೆದೆ.