ಇಳಿಜಾರಿನಲ್ಲಿ ಎಂಜಿನ್ ಆರಿಸಬೇಡ

ಮಗನೇ,

ನಿನ್ನ ಅಣ್ಣ ಹೋದ ಸುದ್ದಿ ಬಂದ ದಿನ, ನುಜ್ಜುಗುಜ್ಜಾದ ವ್ಯಾನಿನಲ್ಲಿ ಇನ್ನೂ ಅರ್ಧ ಟ್ಯಾಂಕ್ ಡೀಸೆಲ್ ಇದೆಯೆಂದು ಮೆಕ್ಯಾನಿಕ್ ಹೇಳಿದ. ಉಳಿಸಿದ್ದು ಉಳಿಯಿತು, ಉಳಿಸಿದವನು ಹೋದ.

"ಇಳಿಜಾರು ಅಂದ್ರೆ ದೇವರು ಪುಕ್ಕಟೆ ಕೊಟ್ಟ ಡೀಸೆಲ್ಲು ಕಣಪ್ಪಾ" ಎಂದು ನಗುತ್ತ ಅವನು ಎಂಜಿನ್ ಆರಿಸಿ ಗುಡ್ಡ ಇಳಿಯುತ್ತಿದ್ದ. ಆರಿಸಿದರೆ ಬ್ರೇಕ್ ಕಲ್ಲಿನಂತಾಗಿ ಹಿಡಿಯುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಬೆಲೆ ಏರಿದಾಗಲೆಲ್ಲ ಇನ್ನಷ್ಟು ಮೇಲಿನಿಂದಲೇ ಆರಿಸತೊಡಗಿದ.

ನಿನ್ನೆ ಸಂಜೆ, ರಿಪೇರಿಯಾಗಿ ಈಗ ನೀನು ಬೇಕರಿಯ ಮಾಲು ಸಾಗಿಸುವ ಅದೇ ವ್ಯಾನು ಸದ್ದಿಲ್ಲದೆ ಗುಡ್ಡ ಇಳಿದು ನಮ್ಮ ಬಾಗಿಲಲ್ಲಿ ನಿಂತಿತು. ಕೇಳಿದರೆ, "ಬೇಕರಿಯವರು ಬಾಡಿಗೆ ಏರಿಸಲ್ಲ ಅಂತಾರೆ, ನಾನೇನು ನೀರು ಹಾಕಿ ಓಡಿಸ್ಲಾ?" ಎಂದು ನೀನು ನನ್ನ ಮೇಲೇ ರೇಗಿದೆ.

ಊಟ ಮುಚ್ಚಿಟ್ಟಿದ್ದೇನೆ, ಉಂಡು ಹೊರಡು. ಬಿಸಿ ಮಾಡಬೇಡ, ಸಿಲಿಂಡರ್ ತಿಂಗಳ ಕೊನೆಯವರೆಗೆ ಬರಬೇಕು. ಅಮ್ಮನಿಗೆ ಮಾತ್ರೆ ನುಂಗಲು ಒಂದು ಲೋಟ ನೀರು ಕಾಯಿಸಿಕೊಡು. ತಣ್ಣನೆಯ ಊಟದಿಂದ ಯಾರೂ ಸಾಯುವುದಿಲ್ಲ. ಉಳಿಸುವುದಿದ್ದರೆ ಇಲ್ಲಿ ಉಳಿಸು. ಬೆಲೆ ಏರಿಸುವವರ ಕಾರು ಇಳಿಜಾರಿನಲ್ಲೂ ಗುರುಗುಡುತ್ತಲೇ ಇಳಿಯುತ್ತದೆ.

ನಾನು ನಿನ್ನ ಅಣ್ಣ ಬಿದ್ದ ತಿರುವಿಗೆ ಹೋಗುತ್ತಿದ್ದೇನೆ. ಬಸ್ಸಿನ ದರ ಮತ್ತೆ ಏರಿದೆ, ನಡೆದೇ ಹೋಗುತ್ತೇನೆ. ಸಂಜೆ ನೀನು ಗುಡ್ಡ ಇಳಿಯುವವರೆಗೂ ಅಲ್ಲೇ ಪ್ರಾರ್ಥಿಸುತ್ತ ಕೂತಿರುತ್ತೇನೆ. ನನ್ನ ಕಿವಿ ಮಂದವಾಗಿದೆ. ಆದರೂ ನಿನ್ನ ಎಂಜಿನ್ನಿನ ಸದ್ದು ನನಗೆ ಕೇಳಬೇಕು.

ಅಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಭಗವಂತಾ, ನನ್ನ ಹಿರಿಯ ಮಗನನ್ನು ನಿನ್ನ ಬಳಿ ಕರೆಸಿಕೊಂಡೆ. ಅಲ್ಲಾದರೂ ಅವನು ಯಾವ ಉಳಿತಾಯದ ಚಿಂತೆಯೂ ಇಲ್ಲದೆ ನೆಮ್ಮದಿಯಾಗಿ ನಿದ್ರಿಸಲಿ.