ಒರೆಸುವ ಮೊದಲು ಓದುತ್ತಿದ್ದ ಹಲಗೆ

ಸಿಂಧನೂರು, ೧೯೯೩

ಮಾನ್ಯ ವಾಚನಾಲಯದ ಮೇಲ್ವಿಚಾರಕರೇ,

ನಿಮ್ಮ ಬಾಗಿಲ ಬಳಿಯ ಕರಿಹಲಗೆಯ ಮೇಲೆ ನಾನು ಬರೆದದ್ದನ್ನು ಯಾರೂ ಓದುವ ಮೊದಲೇ ಒರೆಸಿದಿರಿ. ಒರೆಸಿದ ಜಾಗದಲ್ಲೇ, ‘ಅನುಚಿತ ಬರಹಕ್ಕಾಗಿ ಟೇಲರ್ ಆದಮ್ಮ ಇವರ ಸದಸ್ಯತ್ವ ರದ್ದು’ ಎಂದು ಬರೆದಿರಿ. ನನ್ನ ಮಾತು ಹೋಯಿತು, ನಿಮ್ಮ ಮಾತು ಉಳಿಯಿತು. ಏನು ಅನುಚಿತ, ಯಾರಿಗೆ ಅನುಚಿತ ಎಂಬುದನ್ನು ಮಾತ್ರ ಬರೆಯಲಿಲ್ಲ. ಸೀಮೆಸುಣ್ಣ ತೀರಿತ್ತೇ? ಹೇಳಿ ಕಳಿಸಿದ್ದರೆ ಒಂದು ತುಂಡು ಕೊಡುತ್ತಿದ್ದೆ. ಬಟ್ಟೆಗೆ ಗೆರೆ ಹಾಕುವವಳ ಹತ್ತಿರ ಅದಕ್ಕೆ ಬರವಿಲ್ಲ.

ನಾನು ಆರನೇ ತರಗತಿಯ ನಡುವೆ ಶಾಲೆ ಬಿಟ್ಟವಳು. ಈ ಕಾಗದದಲ್ಲೂ ಯಾವ ಮಾತು ಅನುಚಿತ ಆದೀತೋ ಎಂದು ಬರೆದದ್ದನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ. ‘ಮಾನ್ಯ’ ಅಂದದ್ದು ಸಾಲದೇನೋ ಎಂಬ ದಿಗಿಲೂ ಇದೆ. ಆದರೂ ಪತ್ರಿಕೆಗೆ ಕೊಡುತ್ತಿದ್ದೇನೆ, ಏಕೆಂದರೆ ಉಳಿದ ಬಾಗಿಲುಗಳೆಲ್ಲ ಮುಚ್ಚಿವೆ.

ನೀವು ಬರುವ ಮೊದಲು ಆ ಹಲಗೆ ಹೇಗೆ ನಡೆಯುತ್ತಿತ್ತು, ಗೊತ್ತೇ? ಸದಸ್ಯರು ಏನು ಬೇಕಾದರೂ ಬರೆಯಬಹುದಿತ್ತು. ಆಕಳು ಕಳೆದದ್ದು, ಕಾಲುವೆಗೆ ನೀರು ಬಿಡುವುದು, ಯಾರಿಗೋ ರಕ್ತ ಬೇಕಾದದ್ದು. ಜಾಗ ತುಂಬಿದಾಗ ವಾಚನಾಲಯದ ಸಿಪಾಯಿ ಶಾವಲಿ ಚಾಚಾ ಬಟ್ಟೆ ಹಿಡಿದು ಬರುತ್ತಿದ್ದರು. ಆದರೆ ಒರೆಸುವ ಮೊದಲು ಪ್ರತಿಯೊಂದನ್ನೂ ರಸ್ತೆಗೆ ಕೇಳುವಂತೆ ಓದುತ್ತಿದ್ದರು. ಒಮ್ಮೆ ಯಾರೋ, ‘ಎದುರಿನ ಹೋಟೆಲಿನ ಚಹಾದಾಗ ಹಾಲಿಲ್ಲ’ ಎಂದು ಬರೆದಿದ್ದರು.

“ಒರಸಾಕತ್ತೀನ್ರಪೋ! ಯಾರಿಗರೇ ಬೇಕೇನು?” ಎಂದರು ಚಾಚಾ.

ಹೋಟೆಲಿನ ಬಸ್ಸಪ್ಪನೇ ಒಳಗಿನಿಂದ ಕೂಗಿದ: “ಮೊದಲ ಒರಸೋ ಅದನ್ನ!”

“ಇರ್ಲಿ ಬಿಡೋ ಚಾಚಾ, ನಾಳಿಗರೇ ಹಾಲು ಹಾಕ್ತಾನ!” ಎಂದರು ಬೆಂಚಿನ ಮೇಲೆ ಕೂತವರು.

ಹಾಲು ಬಿತ್ತು. ಮಾರನೆಯ ದಿನ ಬಸ್ಸಪ್ಪ ತಾನೇ ಒಂದು ಲೋಟ ಚಹಾ ತಂದು ಚಾಚಾನ ಕೈಗಿಟ್ಟು, “ಈಗರೇ ಒರಸು” ಅಂದ. ಚಾಚಾ ಕುಡಿದು ನೋಡಿಯೇ ಒರೆಸಿದರು. ಇದಕ್ಕೆ ಯಾವ ನಿಯಮಾವಳಿ ಇತ್ತು, ಸ್ವಾಮಿ?

ನೀವು ಬಂದಿರಿ. ಚಾಚಾ ನಿವೃತ್ತರಾದರು. ಧೂಳು ಬೀಳಬಾರದೆಂದು ಹಲಗೆಗೆ ಗಾಜಿನ ಬಾಗಿಲು ಬಂತು, ಬಾಗಿಲಿಗೆ ಬೀಗ ಬಂತು, ಬೀಗದ ಕೈ ನಿಮ್ಮ ಜೇಬಿಗೆ ಹೋಯಿತು. ಬೆಳಿಗ್ಗೆ ಒಂದು ಗಳಿಗೆ ತೆರೆಯುತ್ತೀರಿ, ಬರೆಯುವವರು ಆಗಲೇ ಬರೆಯಬೇಕು. ಧೂಳೇನೋ ನಿಂತಿತು. ಶಿಸ್ತಿನ ಮೇಲೆ ನಿಮಗೆ ಎಷ್ಟು ಅಕ್ಕರೆ!

ನಾನು ಬರೆದದ್ದು ಇಷ್ಟೇ: ‘ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಹೆಂಗಸರು ಓದುವ ಹೊತ್ತು. ಆ ಹೊತ್ತಿಗೆ ವಾಚನಾಲಯಕ್ಕೆ ಬೀಗ ಇರುತ್ತದೆ. ದಯಮಾಡಿ ತೆರೆಯಿರಿ.’ ‘ದಯಮಾಡಿ’ ಅಂತಲೂ ಹಾಕಿದ್ದೆ.

ಇನ್ನು ನನ್ನ ಅಂಗಡಿಯ ವಿಷಯ. ಅಳತೆ ಟೇಪು ಮೈಗೆ ಸುತ್ತಿದರೆ ಹೆಂಗಸರು ಬಾಯಿ ಬಿಡುತ್ತಾರೆ. ಅತ್ತೆಯ ಕಾಟ, ಗಂಡನ ಕುಡಿತ, ಹೊಟ್ಟೆಯಲ್ಲಿ ನಿಲ್ಲದ ಬಸಿರು, ಎಲ್ಲವನ್ನೂ ಕೇಳಿದ್ದೇನೆ, ಅಲ್ಲೇ ಬಿಟ್ಟಿದ್ದೇನೆ. ಈಗ ನಿಮ್ಮ ಗಾಜಿನೊಳಗೆ ‘ಅನುಚಿತ’ ಎಂಬ ಮಾತಿನ ಪಕ್ಕ ನನ್ನ ಹೆಸರಿದೆ, ಬರೆದದ್ದು ಏನೆಂದು ಯಾರಿಗೂ ಗೊತ್ತಿಲ್ಲ. ಹಾಗಾಗಿ ಪ್ರತಿಯೊಬ್ಬಳಿಗೂ ತನ್ನ ಮನೆಯ ಮಾತೇ ಅಲ್ಲಿತ್ತು ಎಂಬ ಅನುಮಾನ. ಮಾಸುಂಬಿ ನನ್ನ ಹಳೆಯ ಗಿರಾಕಿ. ಮೊನ್ನೆ ಹೊಸ್ತಿಲಲ್ಲೇ ನಿಂತಳು.

“ನನ್ನ ಬಟ್ಟಿ ಕೊಟ್ಟುಬಿಡಕ್ಕ.”

“ಯಾಕವ್ವಾ? ಇನ್ನಾ ಕತ್ತರಿನೇ ಹಾಕಿಲ್ಲ.”

“ಅದಕ್ಕೇ ಕೊಡು. ನಾ ಅತ್ತು ಹೇಳಿದ್ದು ಹಲಗಿ ಮ್ಯಾಲ ಬರದೀಯಂತಲ್ಲ.”

“ನಿಂದು ಬರದಿಲ್ಲ ತಂಗಿ, ನನ್ನ ಕಣ್ಣಾಣೆ.”

“ಹಂಗಾರ ಯಾರ್ದು ಬರದಿ?”

ಬೀಗದ ವಿಷಯ ಹೇಳಿದೆ. ಅವಳು ನಕ್ಕಳು. “ಬೀಗ ತಗೀರಿ ಅಂದ್ರ ಯಾರರೇ ಹೆಸರು ಹೊಡದು ಹಾಕ್ತಾರೇನು? ನನ್ನ ಮುಂದರೇ ಖರೇ ಹೇಳು” ಎಂದು ಬಟ್ಟೆ ಎತ್ತಿಕೊಂಡು ಹೋದಳು. ನೋಡಿ ಸ್ವಾಮಿ, ಊರು ನಿಮ್ಮನ್ನು ಎಷ್ಟು ದೊಡ್ಡವರೆಂದು ನಂಬಿದೆ! ಅಷ್ಟು ಸಣ್ಣ ಮಾತಿಗೆ ನೀವು ಇಷ್ಟು ದೊಡ್ಡ ಶಿಕ್ಷೆ ಕೊಡಲಾರಿರಿ, ನಾನು ಬರೆದದ್ದು ಏನೋ ಹೊಲಸೇ ಇರಬೇಕು ಎಂಬುದು ಅವರ ಲೆಕ್ಕ. ನಿಮ್ಮ ದೊಡ್ಡತನವೇ ನನ್ನ ಕೊರಳಿಗೆ ಉರುಳಾಗಿದೆ.

ಅರ್ಜಿ ಹಿಡಿದು ನಿಮ್ಮ ಮೇಜಿನ ಮುಂದೆ ನಿಂತದ್ದು ನಿಮಗೆ ನೆನಪಿರಲಿಕ್ಕಿಲ್ಲ. ನನಗಿದೆ.

“ಸದಸ್ಯರಲ್ಲದವರ ಅರ್ಜಿ ತಗಳಂಗಿಲ್ಲ” ಎಂದಿರಿ.

“ಸದಸ್ಯತ್ವ ಹೋಗಿದ್ದಕ್ಕೇ ಅರ್ಜಿ ರೀ.”

“ಹಂಗಾರ ಸದಸ್ಯಳಾಗಿ ಬಾರಮ್ಮ.”

“ಹೋಗ್ಲಿ, ನಾ ಏನು ಬರದಿದ್ದೆ, ಅದನ್ನರೇ ಹೇಳ್ರಿ.”

“ಅದೆಲ್ಲ ನೆನಪಿಲ್ಲ. ಅನುಚಿತ ಇತ್ತು, ಅಷ್ಟು ಗೊತ್ತು.”

ಲಿಂಗಸುಗೂರಿನ ಮೇಲಿನ ಕಚೇರಿಗೂ ಹೋದೆ. ಮೇಲ್ವಿಚಾರಕರ ಮೂಲಕವೇ ಬರಬೇಕು ಎಂದರು. ನಿಮ್ಮ ಮೇಲಿನ ದೂರು ನಿಮ್ಮ ಸಹಿ ಹೊತ್ತೇ ಅಲ್ಲಿಗೆ ಹೋಗಬೇಕಂತೆ. ಮಸ್ಕಿಯಲ್ಲಿರುವ ನನ್ನ ಅಕ್ಕ, “ಮಿಷನ್ ಹೊತ್ಕೊಂಡು ಇಲ್ಲಿಗೆ ಬಂದುಬಿಡು, ಎಷ್ಟಂತ ಒಣಗ್ತಿ” ಅನ್ನುತ್ತಾಳೆ. ಹೋದರೆ, ತಪ್ಪು ಮಾಡಿದ್ದಕ್ಕೇ ಓಡಿದಳು ಅನ್ನುತ್ತಾರೆ. ಇದ್ದರೆ, ಇಷ್ಟಾದರೂ ಕೂತಿದ್ದಾಳೆ ನೋಡು ಅನ್ನುತ್ತಾರೆ. ಮಿಷನ್ ಮುಂದೆ ಕೆಲಸವಿಲ್ಲದೆ ಕೂತು ಬರೆದದ್ದನ್ನೇ ನೆನಪಿಸಿಕೊಳ್ಳುತ್ತೇನೆ. ನೀವು ಮರೆತಿರಿ, ಉಳಿದವರು ಓದಲೇ ಇಲ್ಲ. ಅದನ್ನು ಬಲ್ಲವಳು ಊರಿಗೆ ನಾನೊಬ್ಬಳೇ. ಒಮ್ಮೊಮ್ಮೆ ನನಗೂ ಸಂಶಯ ಬರುತ್ತದೆ: ಅಷ್ಟೇ ಬರೆದೆನೇ? ಬೇರೇನಾದರೂ ಕೈಯಿಂದ ಜಾರಿತೇ? ತಪ್ಪು ಯಾವುದೆಂದು ಹೇಳದೆ ಶಿಕ್ಷೆ ಕೊಟ್ಟರೆ, ತಪ್ಪನ್ನು ಹುಟ್ಟಿಸುವ ಕೆಲಸವೂ ಶಿಕ್ಷೆ ಪಡೆದವಳ ಮೇಲೆಯೇ ಬೀಳುತ್ತದೆ, ಸ್ವಾಮಿ.

ಸದಸ್ಯತ್ವವನ್ನು ನಾನು ಬೇಡುತ್ತಿಲ್ಲ. ಗಾಜು ತೆರೆದು ನನ್ನ ಮಾತನ್ನು ಇದ್ದಂತೆಯೇ ಬರೆಯಿರಿ. ಅದರ ಕೆಳಗೆ, ಅದರಲ್ಲಿ ಅನುಚಿತ ಯಾವುದು ಎಂದು ಬರೆಯಿರಿ. ಶಾವಲಿ ಚಾಚಾ ಈಗಲೂ ಬಸ್ಸಪ್ಪನ ಬೆಂಚಿನ ಮೇಲೆ ಕೂತಿರುತ್ತಾರೆ. ಅವರನ್ನು ಕರೆದು ಎರಡನ್ನೂ ರಸ್ತೆಗೆ ಕೇಳುವಂತೆ ಓದಿಸಿ. “ಒರಸು” ಎಂದು ಊರು ಅಂದರೆ, ನನ್ನ ಮಾತನ್ನು ನನ್ನ ಸೆರಗಿನಿಂದ ನಾನೇ ಒರೆಸುತ್ತೇನೆ.

ಈ ಪತ್ರ ಓದಿ ನಿಮಗೆ ಮುಜುಗರವಾದೀತು. ಯಾರೂ ಇಲ್ಲದ ಹೊತ್ತಿನಲ್ಲಿ ಗಾಜು ತೆಗೆದು, ಗಾಜಿನೊಳಗಿನ ನನ್ನ ಹೆಸರನ್ನು ಮೆಲ್ಲಗೆ ಒರೆಸಿ ಕೈ ತೊಳೆದುಕೊಳ್ಳೋಣ ಅನ್ನಿಸೀತು. ನನಗೆ ಅದರದೇ ಹೆದರಿಕೆ. ಹಾಗೆ ಮಾಡಬೇಡಿ. ಅದನ್ನೂ ಓದಿಸಿ, ಕೇಳಿಸಿ, ಆಮೇಲೆ ಒರೆಸಿ. ಮಾಸುಂಬಿಯ ಕಿವಿಗೂ ಅದು ಬೀಳಬೇಕು.

ಇಂತಿ,
ಮೇಲೆ ಬರೆದದ್ದರಲ್ಲಿ ಅನುಚಿತ ಎಲ್ಲಿದೆ ಎಂದು ಇನ್ನೂ ಹುಡುಕುತ್ತಿರುವ,
ಟೇಲರ್ ಆದಮ್ಮ