ಇಪ್ಪತ್ತಕ್ಕೆ ಎಂಟು

ಚನ್ನಗಿರಿ,
ಮಂಗಳವಾರ

ಚೈತ್ರಾ,

ಹೋದ ತಿಂಗಳು ಕತ್ತಲಗೆರೆಯಲ್ಲಿ ನಿನ್ನನ್ನು ನೋಡಿ ಬಂದ ಮೇಲೆ ನಾಲ್ಕು ಸಲ ಈ ಪತ್ರ ಶುರು ಮಾಡಿ ಹರಿದಿದ್ದೇನೆ. ಕ್ಷೇಮ ಸಮಾಚಾರ ಬರೆದು ಮುಗಿಸುವಷ್ಟರಲ್ಲಿ ಧೈರ್ಯ ಉಡುಗಿಹೋಗುತ್ತದೆ. ಹಾಗಾಗಿ ಈ ಸಲ ಕ್ಷೇಮ ಕೇಳುವುದಿಲ್ಲ.

ಹೊಲದಲ್ಲಿ ಬೋರು ಕೊರೆಸಬೇಕು, ನೀರಿನ ಪಾಯಿಂಟ್ ಗುರುತು ಹಾಕುವವರು ಬರುತ್ತಾರೆ ಎಂದು ನಮ್ಮ ಅಕ್ಕ ಕಸ್ತೂರಮ್ಮ ಹೇಳಿದ್ದಳು. ಬರುವವರು ನೀವು ಎಂದು ನನಗೆ ಗೊತ್ತಿರಲಿಲ್ಲ. ಹೋಗಿ ನೋಡಿದರೆ ನಿನ್ನ ಗಂಡ ಸುದೀಪ್ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬದುವಿನುದ್ದಕ್ಕೂ ನಡೆಯುತ್ತಿದ್ದ. ಅವನ ಹಿಂದೆ ನೀನು ನೆಲಕ್ಕೆ ಕಬ್ಬಿಣದ ಗೂಟ ಹೊಡೆದು, ವೈರು ಎಳೆದು, ನೆಲದಡಿಯ ನೀರು ಪತ್ತೆಹಚ್ಚುವ ಮೀಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಕಿ ಬರೆದುಕೊಳ್ಳುತ್ತಿದ್ದೆ. ನೀನು ಕಣ್ಣಲ್ಲೇ ತೋರಿಸಿದ ಜಾಗದಲ್ಲಿ ಅವನ ಕೈಯ ಕಾಯಿ ನೆಟ್ಟಗೆ ನಿಂತಿತು. ನಮ್ಮ ಭಾವ ಅವನನ್ನೇ ಕೇಳಿದರು: "ಎಷ್ಟು ಅಡಿಗೆ ನೀರು ಬೀಳ್ತೈತ್ರಿ?" ಅವನು ನಿನ್ನ ಪುಸ್ತಕ ಇಣುಕಿ ನೋಡಿ ಉತ್ತರ ಹೇಳಿದ.

ನೀನು ನನ್ನ ಹತ್ತಿರ ಬಂದು ಮೆಲ್ಲಗೆ ಅಂದೆ: "ಹೆಂಗಸು ಹೇಳಿದ ಜಾಗದಾಗೆ ಬೋರ್ ಹಾಕ್ಸಾಕೆ ಯಾರೂ ಒಪ್ಪಲ್ಲ ಮೇಡಂ. ಜನಕ್ಕೆ ಕಾಯಿ ಬೇಕು, ನಂಗೆ ಮೀಟ್ರು." ನಕ್ಕೆ ಕೂಡ. ಆಮೇಲೆ ನಮ್ಮಕ್ಕನ ಕಡೆ ತಿರುಗಿ, "ಅವತ್ತು ಇಂಟರ್‌ವ್ಯೂ ರೂಮ್ನಾಗೆ ನನ್ನ ಪರ ಇದ್ದೋರು ಇವರೊಬ್ರೇ ಕಣ್ರಮ್ಮ" ಎಂದೆ.

ಆ ಒಂದು ಮಾತಿಗಾಗಿ ಈ ಪತ್ರ.

ಭೂವಿಜ್ಞಾನ ಎಂ.ಎಸ್ಸಿ.ಯ ಮೊದಲ ವರ್ಷ ನಿಮ್ಮನ್ನೆಲ್ಲ ಹೊನ್ನಾಳಿ ಕಡೆ ಫೀಲ್ಡಿಗೆ ಕರೆದುಕೊಂಡು ಹೋಗಿದ್ದೆ. ಉಳಿದವರು ಕಲ್ಲನ್ನು ಕಣ್ಣಿಂದ ನೋಡುತ್ತಿದ್ದರೆ ನೀನು ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ನಿಂತೆ. ಯಾಕಮ್ಮ ಎಂದಾಗ, "ನಮ್ಮಪ್ಪ ಬಂಗಾರಪ್ಪ ಅಂತ, ಸವಳಂಗದಾಗೆ ಬಾವಿ ತೋಡ್ತಿದ್ರು. ಸದ್ದು ಬದಲಾದ್ರೆ ಕೆಳಗಿನ ಕಲ್ಲೂ ಬದಲಾಗೈತೆ ಅಂತಿದ್ರು" ಎಂದೆ. ನನ್ನ ಮೂವತ್ತೆರಡು ವರ್ಷದ ಮೇಷ್ಟರಿಕೆಯಲ್ಲಿ ನಿನ್ನಂಥ ವಿದ್ಯಾರ್ಥಿ ಇನ್ನೊಬ್ಬರು ಬರಲಿಲ್ಲ. ಇದನ್ನು ನಿನ್ನೆದುರು ಯಾವತ್ತೂ ಹೇಳಲಿಲ್ಲ.

ಪಿಎಚ್.ಡಿ.ಗೆ ನೀನು ಜಗಳೂರು ತಾಲ್ಲೂಕಿನ ನೀರಿನಲ್ಲಿರುವ ಫ್ಲೋರೈಡ್ ಆರಿಸಿಕೊಂಡೆ. ವಿಭಾಗದ ಜೀಪು ಸತೀಶ್ ಕುಮಾರ್‌ಗೆ ಹೋಯಿತು. ಅವನೂ ಸಂಶೋಧನೆಗೆ ಸೇರಿದವನೇ, ನಿನಗಿಂತ ಒಂದು ವರ್ಷ ಕಿರಿಯ. "ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನೇ ಕಳಿಸಿ ನಾಳೆ ಏನಾದರೂ ಆದರೆ ಜವಾಬ್ದಾರಿ ಯಾರದು?" ಎಂದು ವಿಭಾಗದ ಮುಖ್ಯಸ್ಥರಾದ ಗುರುಬಸವರಾಜ್ ಕೇಳಿದರು. ನೀನು ಬಸ್ಸಿನಲ್ಲಿ ಹೋದೆ. ಮದುವೆಯಾದ ಮೇಲೆ ಸುದೀಪ್ ನ್ಯಾಮತಿಯ ತನ್ನ ಮೋಟಾರ್ ರಿಪೇರಿ ಅಂಗಡಿಗೆ ಬೀಗ ಹಾಕಿ ಬೈಕಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ಹಾಗೆ ಇನ್ನೂರ ಹನ್ನೆರಡು ಬೋರುಗಳ ನೀರು ತುಂಬಿ ತಂದೆ.

ಇಡೀ ದಿನ ಬಿಸಿಲಲ್ಲಿ, ಎಲ್ಲೂ ಶೌಚಾಲಯವಿಲ್ಲದ ಕಡೆ ಹೇಗೆ ನಿಭಾಯಿಸುವುದೆಂದು ನನ್ನನ್ನು ಕೇಳಿದ್ದೆ. ನೀರು ಕುಡಿಯಬೇಡ, ಅಭ್ಯಾಸವಾಗುತ್ತದೆ ಎಂದೆ. ನಾನು ಮಾಡಿದ್ದೂ ಅದನ್ನೇ. ಎರಡನೇ ಬೇಸಿಗೆಗೆ ನೀನು ಉರಿಮೂತ್ರ, ಜ್ವರ ಹತ್ತಿಸಿಕೊಂಡು ದಾವಣಗೆರೆಯ ಆಸ್ಪತ್ರೆಯಲ್ಲಿ ಆರು ದಿನ ಮಲಗಿದೆ. ನೋಡಲು ಬಂದ ನಾನು ಏನು ಹೇಳಿದೆ ನೆನಪಿದೆಯೇ? ಕಾಯಿಲೆಯ ವಿಷಯ ಗುರುಬಸವರಾಜರ ಕಿವಿಗೆ ಬೀಳದಂತೆ ನೋಡಿಕೋ ಎಂದೆ. ನಿನ್ನ ಅಮ್ಮ ಸಾವಂತ್ರಮ್ಮ ಮಂಚದ ಪಕ್ಕದಲ್ಲಿ ಕೂತಿದ್ದವರು ತಲೆಯೆತ್ತಿ ನನ್ನನ್ನು ನೋಡಿದರು. "ಕಾಯಿಲೆ ಬಂದದ್ದೂ ತಪ್ಪೇನ್ರಿ?" ಎಂದರು. ನಾನು ಕಿತ್ತಳೆ ಹಣ್ಣಿನ ಚೀಲ ಇಟ್ಟು ಎದ್ದು ಬಂದೆ.

ವಿಭಾಗದಲ್ಲಿ ಅಧ್ಯಾಪಕರ ಹುದ್ದೆ ಖಾಲಿಯಾಗಿ ಸಂದರ್ಶನಕ್ಕೆ ಕರೆ ಬಂದಾಗ ನಿನ್ನ ಮಗಳಿಗೆ ಏಳು ತಿಂಗಳು. ಐದು ಜನರ ಸಮಿತಿಯಲ್ಲಿ ಒಬ್ಬಳಾದರೂ ಹೆಂಗಸಿರಬೇಕೆಂಬ ನಿಯಮವಿದ್ದುದರಿಂದ ನಾನಿದ್ದೆ. ನಿನ್ನ ಪ್ರಬಂಧದ ಬಗ್ಗೆ ಎರಡು ಪ್ರಶ್ನೆ ಬಂದವು. ಆಮೇಲೆ ಗುರುಬಸವರಾಜ್, "ಮಗು ಸಣ್ಣದು. ಹದಿನೈದು ದಿನದ ಕ್ಯಾಂಪಿಗೆ ಹೋಗಬೇಕಾದರೆ ಯಾರಮ್ಮ ನೋಡ್ಕೋತಾರೆ?" ಎಂದರು. ನೀನು ನನ್ನ ಮುಖ ನೋಡಿದೆ. ನಾನು ನಿನ್ನ ಪ್ರಬಂಧದ ಹಾಳೆ ತಿರುವಿದೆ. ನಿನ್ನ ನಂತರ ಬಂದ ಸತೀಶನಿಗೆ ಎರಡು ಮಕ್ಕಳು. ಅವನನ್ನು ಯಾರೂ ಅದನ್ನು ಕೇಳಲಿಲ್ಲ.

ನಾನು ಸುಮ್ಮನಿದ್ದೆ ಎಂದಷ್ಟೇ ನೀನು ತಿಳಿದಿದ್ದೀಯ. ಹಿರಿಯರ ಎದುರು ಮೇಡಂ ಏನು ಮಾಡಿಯಾರು, ಅಂಕ ಮಾತ್ರ ಒಳ್ಳೆಯದೇ ಕೊಟ್ಟಿರುತ್ತಾರೆ ಎಂದು ನನ್ನನ್ನು ಕ್ಷಮಿಸಿಯೂ ಇದ್ದೀಯ. ಆದರೆ ಚೈತ್ರಾ, ಪ್ರತಿಯೊಬ್ಬರೂ ಇಪ್ಪತ್ತಕ್ಕೆ ಅಂಕ ಕೊಡಬೇಕಿತ್ತು. ಸತೀಶನಿಗೆ ನಾನು ಹದಿನಾಲ್ಕು ಕೊಟ್ಟೆ. ನಿನಗೆ ಎಂಟು. ಒಟ್ಟು ಸೇರಿಸಿದಾಗ ನೀನು ಅವನಿಗೆ ಸೋತದ್ದು ಮೂರು ಅಂಕದಿಂದ. ಗುರುಬಸವರಾಜರೇ ನಿನಗೆ ಹನ್ನೆರಡು ಕೊಟ್ಟಿದ್ದರು.

ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಯಾಕೆ ಬರೆದೆ ಎಂದು ಐದು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಮೂವತ್ತೊಂದನೇ ವಯಸ್ಸಿನಲ್ಲಿ, ಹೊನ್ನಾಳಿಯ ಅದೇ ಗುಡ್ಡದ ಸಾಲಿನಲ್ಲಿ ಕೆಲಸ ಮಾಡುವಾಗ, ನನಗೆ ಮೂರು ತಿಂಗಳ ಬಸಿರು ಇಳಿದುಹೋಯಿತು. ವಿಭಾಗದಲ್ಲಿ ಟೈಫಾಯ್ಡ್ ಎಂದು ಹೇಳಿ ಒಂಬತ್ತನೇ ದಿನ ಮತ್ತೆ ಫೀಲ್ಡಿಗೆ ಹೋದೆ. ಆಮೇಲೆ ಮಕ್ಕಳಾಗಲಿಲ್ಲ. ಇದು ನಮ್ಮಕ್ಕನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಸಂದರ್ಶನದ ದಿನ ನೀನು ಒಳಗೆ ಬಂದಾಗ ಭುಜದ ಮೇಲೆ ಮಗುವಿನ ಹಾಲು ಕಕ್ಕಿದ ಕಲೆಯಿತ್ತು. ನೀನು ಅದನ್ನು ಮುಚ್ಚಿಕೊಳ್ಳಲೂ ಇಲ್ಲ. ನಾನು ಒಂದನ್ನು ಕಳೆದುಕೊಂಡು ಇನ್ನೊಂದನ್ನು ಉಳಿಸಿಕೊಂಡಿದ್ದೆ. ನೀನು ಎರಡನ್ನೂ ಕೇಳುತ್ತಿದ್ದೆ. ಅದನ್ನು ನನ್ನಿಂದ ಸಹಿಸಲು ಆಗಲಿಲ್ಲ. ಇದಕ್ಕಿಂತ ಒಳ್ಳೆಯ ಕಾರಣ ನನ್ನ ಬಳಿ ಇಲ್ಲ. ಸಂಕಟ ಕಂಡವರು ಬೇರೆಯವರ ಸಂಕಟಕ್ಕೆ ಮರುಗುತ್ತಾರೆ ಎನ್ನುತ್ತಾರಲ್ಲ, ನನ್ನ ವಿಷಯದಲ್ಲಿ ಅದು ಸುಳ್ಳಾಯಿತು.

ನಿನ್ನೆ ಇದನ್ನೆಲ್ಲ ಬರೆದು, ಸಹಿ ಹಾಕಿ, ಕುಲಸಚಿವರ ಕಚೇರಿಗೆ ಕೊಟ್ಟೆ. "ಹಳೇ ನೇಮಕಾತಿ ಮೇಡಂ, ಈಗ ಏನೂ ಮಾಡಾಕೆ ಬರಲ್ಲ" ಎಂದು ಅಲ್ಲಿಯ ಗುಮಾಸ್ತ ತೆಗೆದುಕೊಂಡು ಮುದ್ರೆ ಒತ್ತಿದ. ಅದರ ಪ್ರತಿ ಈ ಪತ್ರದ ಜೊತೆಗಿದೆ. ನನ್ನ ಮೇಲೆ ಅದನ್ನು ಹೇಗೆ ಬೇಕಾದರೂ ಬಳಸಿಕೋ. ನಿನ್ನ ಏಳು ಫೀಲ್ಡ್ ನೋಟ್‌ಬುಕ್ಕುಗಳೂ ಇವೆ. ನೀನು ವಿಭಾಗದಲ್ಲಿ ಬಿಟ್ಟು ಹೋದವು, ಸತೀಶನ ಬೀರುವಿನಲ್ಲಿದ್ದವು. ಅವುಗಳಿಂದ ಅವನು ಎರಡು ಲೇಖನ ಪ್ರಕಟಿಸಿದ್ದಾನೆ. ನಿನ್ನ ಹೆಸರು ಕೊನೆಯ ಧನ್ಯವಾದದ ಸಾಲಿನಲ್ಲಿದೆ, ಅದೂ ತಪ್ಪಾಗಿ ಅಚ್ಚಾಗಿದೆ.

ಈ ತಿಂಗಳ ಕೊನೆಗೆ ನಾನು ನಿವೃತ್ತಳಾಗುತ್ತೇನೆ. ನನ್ನ ಹುದ್ದೆಯನ್ನು ಸದ್ಯಕ್ಕೆ ತುಂಬುವುದಿಲ್ಲವಂತೆ. ಅಲ್ಲಿಗೆ ವಿಭಾಗದಲ್ಲಿ ಪಾಠ ಮಾಡುವ ಹೆಂಗಸು ಒಬ್ಬಳೂ ಉಳಿಯುವುದಿಲ್ಲ. ಈ ವರ್ಷ ಸೇರಿದ ಹದಿನಾಲ್ಕು ಮಂದಿಯಲ್ಲಿ ಒಂಬತ್ತು ಜನ ಹುಡುಗಿಯರು. ಅವರಲ್ಲಿ ಅಂಬಿಕಾ ಎಂಬವಳು ಜಗಳೂರಿನವಳು. ಹೋದ ವಾರ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಮೇಡಂ, ಮನೆಯಾಗೆ ಬಿ.ಎಡ್. ಮಾಡು ಅಂತಾರೆ. ಇದರಾಗೆ ಮುಂದೆ ಹೋದ್ರೆ ನಮ್ಮಂಥೋರಿಗೆ ಏನಾದ್ರೂ ಐತಾ?" ಎಂದು ಕೇಳಿದಳು. ನಿನ್ನ ಫೋನ್ ನಂಬರ್ ಬರೆದುಕೊಟ್ಟೆ. ಮೊದಲು ನಿನ್ನನ್ನು ಕೇಳಬೇಕಿತ್ತು.

ಅವಳು ಫೋನ್ ಮಾಡಿದರೆ ಏನು ಹೇಳಬೇಕು ಎಂಬುದು ನಿನಗೆ ಬಿಟ್ಟದ್ದು. ನನ್ನ ವಿಷಯ ಕೇಳಿದರೆ ಅದನ್ನೂ ಹೇಳು.

ನಿನ್ನ ಮಗಳು ನೂರು ಕಾಲ ಬಾಳಲಿ. ಅವಳಿಗೆ ನನ್ನಂಥ ಮೇಡಂ ಸಿಗದಿರಲಿ.

ಇತಿ,
ಸಂಧ್ಯಾರಾಣಿ